ಗಿಬ್ಸ್–ಮಾಂಟ್ಗೊಮರಿ ಮೇಲಾ, ಸ್ಟೀವರ್ಟ್–ವಿಲಿಯಮ್ಸ್ ಮೇಲಾ? ರನ್ನಿಂಗ್ ಬ್ಯಾಕ್ ಜೋಡಿಗಳನ್ನ ಅಳೆಯೋದು ಹೇಗೆ?

ನೀಲಿಬೆಳ್ಳಿ:

ನಮ್ಮ ಆಫೀಸಿನಲ್ಲಿ ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್ ಲೀಗ್) ಹುಚ್ಚು. ನನ್ನ ಪಕ್ಕ ಕೂರೋನು ಕೆರೊಲೈನಾ ಪ್ಯಾಂಥರ್ಸ್ ಕಟ್ಟಾಭಿಮಾನಿ. ನಾನು ಡೆಟ್ರಾಯಿಟ್ ಲಯನ್ಸ್ ಕಡೆ. ಒಂದೇ ತಂಡದಲ್ಲಿ ಆಡಿದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋ ಆಟಗಾರ) ಜೋಡಿಗಳಲ್ಲಿ ಯಾವುದು ಮೇಲು ಅಂತ ನಮ್ಮಿಬ್ಬರ ನಡುವೆ ಮುಗಿಯದ ಜಗಳ.

ನನ್ನ ಲೆಕ್ಕ ಇದು. 2024ರಲ್ಲಿ ಜಮೀರ್ ಗಿಬ್ಸ್ 1,412 ಯಾರ್ಡ್ ಓಡಿ 16 ಟಚ್‌ಡೌನ್ (ಚೆಂಡನ್ನ ಎದುರಾಳಿಯ ಗೋಲ್ ಲೈನ್ ದಾಟಿಸೋದು) ಹೊಡೆದ. ಡೇವಿಡ್ ಮಾಂಟ್ಗೊಮರಿ 775 ಯಾರ್ಡ್, 12 ಟಚ್‌ಡೌನ್. ತಂಡ 15–2, ಅಂದ್ರೆ 15 ಗೆಲುವು, 2 ಸೋಲು. ಅವನು ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳ್ತಾನೆ: "ಒಂದೇ ಸೀಸನ್ನಿನಲ್ಲಿ ಇಬ್ಬರೂ ಸಾವಿರ ಯಾರ್ಡ್ ದಾಟಿದ್ರಾ?" 2009ರಲ್ಲಿ ಅವನ ಜೊನಾಥನ್ ಸ್ಟೀವರ್ಟ್ 1,133, ಡೀಆಂಜೆಲೊ ವಿಲಿಯಮ್ಸ್ 1,117. ನಮ್ಮವರು 2023ರಲ್ಲಿ ಹತ್ತಿರ ಬಂದಿದ್ರು, ಮಾಂಟ್ಗೊಮರಿ 1,015, ಗಿಬ್ಸ್ 945. ಬರೀ 55 ಯಾರ್ಡಿಗೆ ತಪ್ಪಿಹೋಯ್ತು.

ಸಾವಿರ ಅನ್ನೋ ಗೆರೆ ನಿಜವಾಗಲೂ ಅಷ್ಟು ದೊಡ್ಡದಾ? ಆಟ ಗೊತ್ತಿರೋರು ಜೋಡಿಗಳನ್ನ ಹೇಗೆ ತೂಗ್ತೀರಿ?

ಅಂಕಿಅಂಶಿ:

ನಿಮ್ಮ ಸ್ನೇಹಿತ ಗೆದ್ದ, ಬಿಡಿ. ಇಬ್ಬರು ರನ್ನಿಂಗ್ ಬ್ಯಾಕ್‌ಗಳೂ ಒಂದೇ ಸೀಸನ್ನಿನಲ್ಲಿ ಸಾವಿರ ದಾಟಿದ್ದು 2024ರ ತನಕ ಐದೇ ಸಲ: 1972ರ ಡಾಲ್ಫಿನ್ಸ್, 1976ರ ಸ್ಟೀಲರ್ಸ್, 1985ರ ಬ್ರೌನ್ಸ್, 2008ರ ಜೈಂಟ್ಸ್, 2009ರ ಪ್ಯಾಂಥರ್ಸ್. ಮೈಕಲ್ ವಿಕ್, ಲಮಾರ್ ಜ್ಯಾಕ್ಸನ್ ಥರದ ಕ್ವಾರ್ಟರ್‌ಬ್ಯಾಕ್‌ಗಳು (ಪಾಸ್ ಎಸೆದು ಆಟ ನಡೆಸೋರು) ಸೇರಿಕೊಂಡ ಎರಡು ಜೋಡಿ ಬೇರೆ ಇವೆ, ಅವನ್ನ ನಾನು ಹಿಡಿಯಲ್ಲ. ಈ ಐದರಲ್ಲೂ ಇಬ್ಬರೂ 1,100 ದಾಟಿದ್ದು ಪ್ಯಾಂಥರ್ಸ್ ಮಾತ್ರ. ಇನ್ನೇನು ಚರ್ಚೆ?

ಮೂರನೇಡೌನ್:

ಚರ್ಚೆ ಇದೆ ಅಂಕಿಅಂಶಿಯವರೇ, ಅಷ್ಟು ಬೇಗ ಬಾಗಿಲು ಹಾಕಬೇಡಿ.

ಮೊದಲು ಆ ಸಾವಿರದ್ದೇ ಮಾತಾಡೋಣ. 1977ರವರೆಗೆ ಸೀಸನ್ನಿಗೆ 14 ಪಂದ್ಯ. 1978ರಿಂದ 16, 2021ರಿಂದ 17. ಅಂದ್ರೆ ಸಾವಿರ ಮುಟ್ಟೋಕೆ ಆಗ ಪಂದ್ಯಕ್ಕೆ 71 ಯಾರ್ಡಿನ ಮೇಲೆ ಬೇಕಿತ್ತು, ಈಗ 59 ಸಾಕು. ಗೆರೆ ಅದೇ ಜಾಗದಲ್ಲಿದೆ, ಓಡೋ ದಾರಿ ಉದ್ದ ಆಗಿದೆ. ಇನ್ನು 1972ರ ಡಾಲ್ಫಿನ್ಸ್‌ನ ಮರ್ಕ್ಯುರಿ ಮಾರಿಸ್ ಕಥೆ ನೋಡಿ. ಸೀಸನ್ ಮುಗಿದಾಗ ಅವನ ಹೆಸರಿನಲ್ಲಿದ್ದದ್ದು 991. ಒಂದು ಫಂಬಲ್‌ನಲ್ಲಿ (ಚೆಂಡು ಕೈಜಾರಿದಾಗ) ಅವನ ಲೆಕ್ಕಕ್ಕೆ ಬರೆದಿದ್ದ 9 ಯಾರ್ಡ್ ನಷ್ಟವನ್ನ ಆಮೇಲೆ ಪರಿಶೀಲಿಸಿ ತೆಗೆದುಹಾಕಿದ್ರು, ಸರಿಯಾಗಿ 1,000 ಆಯ್ತು. ಲ್ಯಾರಿ ಜಾಂಕಾನ 1,117 ಜೊತೆ ಸೇರಿ ಅವರೇ ಲೀಗಿನ ಮೊದಲ 'ಸಾವಿರದ ಜೋಡಿ'. ಆ 9 ಯಾರ್ಡ್ ವಾಪಸ್ ಬರದೇ ಇದ್ದಿದ್ರೆ, ಒಂದೂ ಪಂದ್ಯ ಸೋಲದೆ 17–0 ಮುಗಿಸಿದ ತಂಡದ ಜೋಡಿ ನಿಮ್ಮ ಪಟ್ಟಿಯಲ್ಲೇ ಇರ್ತಿರಲಿಲ್ಲ. ಅದಕ್ಕೇ ಈ ಗೆರೆ ಮೇಲೆ ನನಗೆ ಅಷ್ಟು ಭಕ್ತಿ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಪ್ಪತ್ತರ ದಶಕದ ಜೋಡಿ ಅಂದ್ರೆ ಇಬ್ಬರೂ ಒಟ್ಟಿಗೇ ಮೈದಾನದಲ್ಲಿ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಸ್ಟೀಲರ್ಸ್‌ನ ಫ್ರ್ಯಾಂಕೊ ಹ್ಯಾರಿಸ್ ಚೆಂಡು ಹಿಡಿದು ಓಡುವಾಗ ಮುಂದೆ ಹೋಗಿ, ತಡೆಯೋಕೆ ಬರೋ ಲೈನ್‌ಬ್ಯಾಕರ್‌ಗೆ ಢಿಕ್ಕಿ ಹೊಡೀತಿದ್ದವನು ರಾಕಿ ಬ್ಲೈಯರ್. ವಿಯೆಟ್ನಾಂ ಯುದ್ಧದಲ್ಲಿ ಕಾಲಿಗೆ ಗಾಯ ಮಾಡಿಕೊಂಡು ಬಂದ ಮನುಷ್ಯ. 1976ರಲ್ಲಿ ಹ್ಯಾರಿಸ್ 1,128, ಬ್ಲೈಯರ್ 1,036. ಹ್ಯಾರಿಸ್‌ನ ಯಾರ್ಡುಗಳಲ್ಲಿ ಎಷ್ಟು ಬ್ಲೈಯರ್‌ನ ಭುಜದಿಂದ ಬಂದವು ಅಂತ ಯಾವ ಅಂಕಿಪಟ್ಟಿಯೂ ಹೇಳಲ್ಲ. ಈಗಿನ ಜೋಡಿಗಳು ಬಹುಪಾಲು ಪಾಳಿಯ ಮೇಲೆ ಆಡೋರು. ಒಬ್ಬ ಒಳಗೆ ಬಂದ್ರೆ ಇನ್ನೊಬ್ಬ ಬೆಂಚಿನ ಮೇಲೆ ನೀರು ಕುಡೀತಾ ಇರ್ತಾನೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕೋದು ಹೇಗೆ?

ಹಾಗಾಗಿ ನಾನು ನೋಡೋದು ಇಷ್ಟೇ: ಯಾರು ಒಳಗೆ ಬಂದ ಅನ್ನೋದನ್ನ ನೋಡಿ ಮುಂದಿನ ಆಟ ಏನು ಅಂತ ಎದುರಾಳಿಯ ಡಿಫೆನ್ಸ್ (ತಡೆಯೋ ಪಡೆ) ಊಹಿಸಬಹುದಾ?

2008ರ ಟೈಟನ್ಸ್ ತಗೊಳ್ಳಿ. ಕ್ರಿಸ್ ಜಾನ್ಸನ್ 1,228 ಯಾರ್ಡ್, ಲೆನ್‌ಡೇಲ್ ವೈಟ್ 773 ಯಾರ್ಡ್ ಆದ್ರೂ 15 ಟಚ್‌ಡೌನ್. ತಂಡ 13–3, ಏನೂ ಕಮ್ಮಿ ಇಲ್ಲ. ಆದ್ರೆ ಗೋಲ್ ಲೈನ್ ಹತ್ತಿರ ವೈಟ್ ಕಂಡ ಅಂದ್ರೆ ಮಧ್ಯದಲ್ಲಿ ನುಗ್ತಾರೆ ಅಂತ ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತು. 'ಗುಡುಗು–ಮಿಂಚು' ಅಂತ ಹೆಸರು ಇಟ್ಟುಕೊಂಡ ಜೋಡಿಗಳ ಕಷ್ಟವೇ ಇದು. ಗುಡುಗು ಬಂದಾಗ ಮಿಂಚು ಬರಲ್ಲ ಅಂತ ಎದುರಾಳಿ ನೆಮ್ಮದಿಯಾಗಿ ನಿಂತಿರ್ತಾನೆ.

ಈಗ 2017ರ ಸೇಂಟ್ಸ್. ಸೀಸನ್ ಶುರುವಾದಾಗ ಅಲ್ಲಿ ಮೂರನೆಯವನೂ ಇದ್ದ, ಏಡ್ರಿಯನ್ ಪೀಟರ್ಸನ್ ಅಂಥ ದೊಡ್ಡ ಹೆಸರು. ಅಕ್ಟೋಬರಿನಲ್ಲಿ ಅವನನ್ನ ಅರಿಜೋನಾಗೆ ಕಳಿಸಿಕೊಟ್ಟ ಮೇಲೆ ಮಾರ್ಕ್ ಇಂಗ್ರಮ್, ಆಲ್ವಿನ್ ಕಮಾರಾ ಇಬ್ಬರಿಗೂ ಉಸಿರಾಡೋಕೆ ಜಾಗ ಸಿಕ್ತು. ಇಂಗ್ರಮ್ ಓಟದಲ್ಲಿ 1,124, ಜೊತೆಗೆ 58 ಪಾಸ್ ಹಿಡಿದ. ಕಮಾರಾ ಆಗಿನ್ನೂ ಡ್ರಾಫ್ಟ್‌ನ (ಹೊಸ ಆಟಗಾರರ ಆಯ್ಕೆ) ಮೂರನೇ ಸುತ್ತಿನಲ್ಲಿ ಆರಿಸಿಕೊಂಡ ಹೊಸ ಹುಡುಗ. ಓಟದಲ್ಲಿ 728, ಪಾಸ್ ಹಿಡಿದು 826, ಒಟ್ಟು 81 ಕ್ಯಾಚ್. ಓಟ, ಪಾಸ್ ಎರಡೂ ಕೂಡಿಸಿದ್ರೆ ಇಂಗ್ರಮ್ 1,540, ಕಮಾರಾ 1,554. ಒಂದೇ ತಂಡದ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ತಲಾ 1,500 ದಾಟಿದ್ದು ಅದೇ ಮೊದಲು. ನಿಮ್ಮ 'ಸಾವಿರ' ಪಟ್ಟಿಯಲ್ಲಿ ಇವರ ಹೆಸರೇ ಇಲ್ಲ! ಅಂಥ ಪಟ್ಟಿ ತಗೊಂಡು ಏನು ಮಾಡೋದು ಹೇಳಿ. ಇಬ್ಬರನ್ನೂ ಒಟ್ಟಿಗೆ ಇಳಿಸಿದಾಗ ಕಮಾರಾ ಪಕ್ಕಕ್ಕೆ ಸರಿದು ಪಾಸ್ ಹಿಡಿಯೋ ರಿಸೀವರ್ ಜಾಗದಲ್ಲಿ ನಿಂತ್ರೆ, ಲೈನ್‌ಬ್ಯಾಕರ್ ಅವನ ಹಿಂದೆ ಹೋಗಬೇಕಾ, ಇಂಗ್ರಮ್‌ನ ಕಾಯಬೇಕಾ? ಹಿಂದೆ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಬೇರೆ ನಿಂತಿದಾನೆ.

ಇದೇ ಕಣ್ಣಲ್ಲಿ ಲಯನ್ಸ್ ನೋಡಿದ್ರೆ ನೀಲಿಬೆಳ್ಳಿ, ನಿಮ್ಮ ವಾದಕ್ಕೆ ಬಲ ಇದೆ. ಅವರನ್ನ 'ಸಾನಿಕ್–ನಕಲ್ಸ್' ಅಂತಾರೆ, ಒಬ್ಬ ವೇಗ ಒಬ್ಬ ಬಲ ಅನ್ನೋ ಅರ್ಥದಲ್ಲಿ. ಆದ್ರೆ 2024ರ ಲೆಕ್ಕ ಆ ಹೆಸರನ್ನ ಒಪ್ಪಲ್ಲ. 'ವೇಗ'ದವನು 16 ಸಲ ಓಡಿ ಟಚ್‌ಡೌನ್ ಹೊಡೆದಿದಾನೆ, 'ಬಲ'ದವನು 36 ಪಾಸ್ ಹಿಡಿದು 341 ಯಾರ್ಡ್ ತಂದಿದಾನೆ. ಇಬ್ಬರಲ್ಲಿ ಯಾರು ಬಂದ್ರೂ ತಂಡದ ಆಟದ ಯೋಜನೆ ಬದಲಾಗ್ತಿರಲಿಲ್ಲ. ಅದಕ್ಕೇ ಅವರು ನನಗೆ ಇಷ್ಟ.

ಪ್ಯಾಂಥರ್ಸ್ ಬಗ್ಗೆ ಎರಡೇ ಮಾತು. ಸ್ಟೀವರ್ಟ್ 221 ಕ್ಯಾರಿ (ಚೆಂಡು ಹಿಡಿದು ಓಡಿದ ಸಲ), ವಿಲಿಯಮ್ಸ್ 216. ಇಬ್ಬರದ್ದೂ ಸರಾಸರಿ ಐದು ಯಾರ್ಡಿನ ಮೇಲೆ. ಆ ವರ್ಷ ಅವರ ಕ್ವಾರ್ಟರ್‌ಬ್ಯಾಕ್ ಜೇಕ್ ಡೆಲೋಮ್ ಎಸೆದ ಪಾಸುಗಳನ್ನ ಎದುರಾಳಿಗಳು ಹಿಡೀತಾನೇ ಇದ್ರು, ಅಂದ್ರೆ ಓಟವೇ ಬರುತ್ತೆ ಅಂತ ಗೊತ್ತಿದ್ದೂ ತಡೆಯೋಕೆ ಆಗಲಿಲ್ಲ. ಇದು ಸಣ್ಣ ಮಾತಲ್ಲ, ನಿಮ್ಮ ಸ್ನೇಹಿತನಿಗೆ ನನ್ನ ಕಡೆಯಿಂದ ಹೇಳಿ. ಆದ್ರೂ ಇಬ್ಬರೂ ಸೇರಿ ಹಿಡಿದ ಪಾಸ್ ಐವತ್ತು ಮುಟ್ಟಲಿಲ್ಲ. ಸ್ಟೀವರ್ಟ್ ಜೈಂಟ್ಸ್ ಮೇಲೆ 206 ಯಾರ್ಡ್ ಓಡಿದ ದಿನ ವಿಲಿಯಮ್ಸ್ ಗಾಯದಿಂದ ಹೊರಗಿದ್ದ. ತಂಡ 8–8.

ನನ್ನ ಕ್ರಮ: ಬರೀ ಓಟ ಅಂದ್ರೆ ಪ್ಯಾಂಥರ್ಸ್. ಜೋಡಿ ಅಂದ್ರೆ 2017ರ ಸೇಂಟ್ಸ್, ಅದರ ಹಿಂದೆಯೇ 2024ರ ಲಯನ್ಸ್. 1972ರವರನ್ನ ಈ ಸಾಲಿಗೆ ಸೇರಿಸಲ್ಲ, ಅವರ ಆಟವೇ ಬೇರೆ.

ಅಂಕಿಅಂಶಿ:

ಸರಿ, ಪಟ್ಟಿ ಪಕ್ಕಕ್ಕಿಡ್ತೀನಿ. ಆದ್ರೆ ಲಯನ್ಸ್ ವಿಷಯದಲ್ಲಿ ಒಂದು ಎಡವಟ್ಟು ಇದೆ. 2024ರ ಡಿಸೆಂಬರಿನಲ್ಲಿ ಬಫಲೋ ಪಂದ್ಯದಲ್ಲಿ ಮಾಂಟ್ಗೊಮರಿ ಮೊಣಕಾಲಿಗೆ ಪೆಟ್ಟಾಯ್ತು. ಆಮೇಲೆ ಗಿಬ್ಸ್ ಒಬ್ಬನೇ ಹೊತ್ತ, ಕೊನೇ ಪಂದ್ಯದಲ್ಲಿ ವೈಕಿಂಗ್ಸ್ ಮೇಲೆ ನಾಲ್ಕು ಟಚ್‌ಡೌನ್! ಹಾಗಿದ್ರೆ ಜೋಡಿಯಿಂದ ಗಿಬ್ಸ್‌ಗೆ ಲಾಭವಾ, ಅಡ್ಡಿಯಾ?

ಡಾಗ್‌ಪೌಂಡ್85:

ಎಲ್ಲರೂ ಬ್ರೌನ್ಸ್ ಹೆಸರು ಪಟ್ಟಿಯಲ್ಲಿ ಓದಿ ಮುಂದೆ ಹೋಗ್ತೀರಿ. ಕೆವಿನ್ ಮ್ಯಾಕ್ 1,104, ಅರ್ನೆಸ್ಟ್ ಬೈನರ್ 1,002, ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಬರ್ನಿ ಕೋಸಾರ್, ಅವನಿಗೆ ಅದೇ ಮೊದಲ ವರ್ಷ. 8–8 ಆದ್ರೂ ನಮ್ಮ ಡಿವಿಜನ್ (ಗುಂಪು) ಗೆದ್ದು ಪ್ಲೇಆಫ್‌ಗೆ (ನಾಕೌಟ್ ಸುತ್ತು) ಹೋದ್ವಿ. ಮಯಾಮಿ ಮೇಲೆ ಬೈನರ್ 161 ಯಾರ್ಡ್ ಓಡಿದ, 21–3 ಮುಂದಿದ್ವಿ. ಸೋತದ್ದು 24–21. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯೋ ಶಕ್ತಿ ನನಗಿಲ್ಲ.

ಮೂರನೇಡೌನ್:

ಡಾಗ್‌ಪೌಂಡ್, ನಿಮ್ಮ ನೋವು ಅರ್ಥ ಆಗುತ್ತೆ ಮಾರಾಯ್ರೆ. ಬೈನರ್ ಬಗ್ಗೆ ಒಂದು ದಿನ ಬೇರೆಯಾಗಿ ಬರೀಬೇಕು.

ಅಂಕಿಅಂಶಿಯವರ ಪ್ರಶ್ನೆ ಸರಿಯಾದದ್ದು. ಡಿಸೆಂಬರ್ ಕೊನೆಯಲ್ಲಿ ಗಿಬ್ಸ್ ಅಷ್ಟು ಚುರುಕಾಗಿದ್ದನಲ್ಲ, ಅದಕ್ಕೆ ಕಾರಣ ಯಾರು? ಆ ಸೀಸನ್ನಿನಲ್ಲಿ ಮಾಂಟ್ಗೊಮರಿ 185 ಕ್ಯಾರಿ ತಗೊಂಡ. ಅಷ್ಟು ಸಲ ಬೀಳೋದು, ಏಳೋದು, ಮುನ್ನೂರು ಪೌಂಡಿನವರ ಕೆಳಗೆ ಸಿಕ್ಕಿಕೊಳ್ಳೋದು ಗಿಬ್ಸ್‌ಗೆ ತಪ್ಪಿತು. ಜೊತೆಗಾರ ಹೋದ ಮೇಲೆ ಮೂರು ಪಂದ್ಯ ಒಬ್ಬನೇ ಹೊಳೆಯಬಹುದು, ಹದಿನೇಳಕ್ಕೆ ಹದಿನೇಳೂ ಹಾಗೇ ಎಳೆದ್ರೆ ಕಾಲು ಕೇಳುತ್ತಾ ಅನ್ನೋದು ಬೇರೆ ಮಾತು. ನನ್ನ ಮಟ್ಟಿಗೆ ಲಾಭವೇ.

ನೀಲಿಬೆಳ್ಳಿ:

ಇಷ್ಟೊಂದು ಸಿಗುತ್ತೆ ಅಂದ್ಕೊಂಡಿರಲಿಲ್ಲ, ಥ್ಯಾಂಕ್ಸ್. ನಾಳೆ ಅವನಿಗೆ ಮೊದಲು ಸೇಂಟ್ಸ್ ಲೆಕ್ಕ ತೋರಿಸ್ತೀನಿ. ಅವನ ಹತ್ತಿರ ಇನ್ನೊಂದು ಬಾಣ ಇದೆ, ರೈಡರ್ಸ್ ತಂಡದ ಮಾರ್ಕಸ್ ಆಲನ್–ಬೋ ಜ್ಯಾಕ್ಸನ್. ಹೆಸರಿನಲ್ಲಿ ಅದಕ್ಕಿಂತ ದೊಡ್ಡ ಜೋಡಿ ಇಲ್ಲ ಅಂತಾನೆ.

ಮೂರನೇಡೌನ್:

ಹೆಸರಿನಲ್ಲಿ ಇಲ್ಲ, ನಿಜ. ಆದ್ರೆ ಬೋ ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ ಬೇಸ್‌ಬಾಲ್ ಆಡಿ ಮುಗಿಸಿಕೊಂಡು ಸೀಸನ್ ನಡುವೆ ಬರ್ತಿದ್ದ. 1987ರಲ್ಲಿ ಸಿಯಾಟಲ್ ಮೇಲೆ ಒಂದೇ ರಾತ್ರಿ 221 ಯಾರ್ಡ್ ಓಡಿದ, ಅದರಲ್ಲಿ ಒಂದು ಓಟವೇ 91. ಆದ್ರೂ ಯಾವ ಸೀಸನ್ನಿನಲ್ಲೂ ಸಾವಿರ ಮುಟ್ಟಲಿಲ್ಲ, ಅತಿ ಹೆಚ್ಚು ಅಂದ್ರೆ 1989ರ 950, ಅದೂ 11 ಪಂದ್ಯದಲ್ಲಿ. ಅವನಿಗೆ ಜಾಗ ಮಾಡಿಕೊಡೋಕೆ ಆಲನ್ ಎದುರಾಳಿಗಳನ್ನ ಅಡ್ಡಗಟ್ಟುತ್ತಾ (ಬ್ಲಾಕ್ ಮಾಡ್ತಾ) ನಿಂತ ದಿನಗಳೂ ಇವೆ. ನಾಲ್ಕನೇ ವರ್ಷ ಪ್ಲೇಆಫ್‌ನಲ್ಲಿ ಸೊಂಟಕ್ಕೆ ಪೆಟ್ಟಾಗಿ ಬೋನ ಫುಟ್‌ಬಾಲ್ ಅಲ್ಲಿಗೇ ಮುಗೀತು. ನಿಮ್ಮ ಸ್ನೇಹಿತನನ್ನ ಒಂದು ಕೇಳಿ: ಸಾವಿರ ದಾಟದ ಬೋನ ಜೋಡಿ ಅವನಿಗೆ ದೊಡ್ಡದು ಅನ್ನೋದಾದ್ರೆ, ಗಿಬ್ಸ್–ಮಾಂಟ್ಗೊಮರಿ ಮುಂದೆ ಆ ಗೆರೆ ಯಾಕೆ ಎಳೀತಾನೆ?