ಬಿಸಿನೋಸಿಸ್‌ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ನಿವೃತ್ತ ಗಿರಣಿ ಕಾರ್ಮಿಕರಿಗಾಗಿ ಮುಂಬಯಿಯ ಲಾಲ್‌ಬಾಗ್‌ನಲ್ಲಿ ಭಾನುವಾರ ನಡೆಯಲಿರುವ ತಪಾಸಣಾ ಶಿಬಿರದ ಕನ್ನಡ ಫಲಕದಲ್ಲಿ, ಹತ್ತಿಯ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಬಿಸಿನೋಸಿಸ್ ಕಾಯಿಲೆಯನ್ನು ಹೆಸರಿಸಬೇಕಾಗಿದೆ. ‘ಕಾರ್ಪಾಸಧೂಲಿಜನ್ಯ ಶ್ವಾಸಕೋಶವ್ಯಾಧಿ’, ‘ಸೋಮವಾರದ ಜ್ವರ’ ಎಂಬ ಎರಡು ಸೂಚನೆಗಳು ಬಂದಿವೆ. ಬರಹವನ್ನು ನಾಳೆ ಸಂಜೆಯೊಳಗೆ ಪೇಂಟರಿಗೆ ಒಪ್ಪಿಸಬೇಕು.

– ಪರೇಲ್‌ನಿಂದ

ಮೊದಲನೆಯದನ್ನು ಓದಿ ಮುಗಿಸಲು ಈ ರೋಗಿಗಳಿಗೆ ಉಸಿರು ಸಾಲದು, ಬಿಡಿ. ಎರಡನೆಯದು ತಪ್ಪು ದಾರಿಗೆಳೆಯುತ್ತದೆ. ವಾರದ ರಜೆ ಮುಗಿಸಿ ಹತ್ತಿ ಕೊಡವುವ ಬ್ಲೋ ರೂಂ ಅಥವಾ ಎಳೆ ಬಾಚುವ ಕಾರ್ಡಿಂಗ್ ಖಾತೆಗೆ ಮರಳಿದ ಮೊದಲ ದಿನ ಎದೆ ಬಿಗಿಯುವುದು, ಮುಂದಿನ ದಿನಗಳಲ್ಲಿ ಅದು ಸಡಿಲಗೊಳ್ಳುವುದು ಈ ಕಾಯಿಲೆಯ ಆರಂಭಿಕ ಗುರುತೇ ಹೊರತು ಜ್ವರವಲ್ಲ. ಹೊಸದಾಗಿ ಗಿರಣಿ ಸೇರಿದವರಿಗೆ ಬರುವ ಜ್ವರವೇ ಬೇರೆ. ಮೇಲಾಗಿ, ವರ್ಷಗಟ್ಟಲೆ ಧೂಳು ಕುಡಿದವರಿಗೆ ಕ್ರಮೇಣ ವಾರವಿಡೀ ಉಬ್ಬಸವಿರುವುದರಿಂದ ಸೋಮವಾರಕ್ಕೆ ಅರ್ಥವೇ ಉಳಿಯುವುದಿಲ್ಲ. ‘ಹತ್ತಿಧೂಳಿನ ಶ್ವಾಸಕೋಶ ರೋಗ’ ಎಂದು ಬರೆಯಿರಿ.

– ಮಾಟುಂಗಾದಿಂದ

‘ಧೂಳು’ ಅಲ್ಲ, ‘ದೂಳು’. ಕನ್ನಡದ ನಾಲಿಗೆಗೆ ಮಹಾಪ್ರಾಣದ ಹಂಗಿಲ್ಲ. ಗಿರಣಿಯೊಳಗೆ ಬರುವುದು ಬೀಜ ಬಿಡಿಸಿದ ಹತ್ತಿ, ಅಂದರೆ ‘ಅರಳು’ ಎಂಬುದರಿಂದ ಬಂದ ‘ಅರಳೆ’. ಅಚ್ಚಗನ್ನಡದ ‘ಅರಳೆದೂಳುಬೇನೆ’ ಇರುವಾಗ ಸಂಸ್ಕೃತದ ಶ್ವಾಸಕೋಶವೇಕೆ, ಗ್ರೀಕರ ನಾರುಬಟ್ಟೆಯ ಹೆಸರಿನಿಂದ ಹುಟ್ಟಿದ ಬಿಸಿನೋಸಿಸ್ ಏಕೆ?

– ಪುಣೆಯಿಂದ

ದೂಳಿನ ಅಲ್ಪಪ್ರಾಣಕ್ಕೆ ನನ್ನ ತಕರಾರಿಲ್ಲ. ಅರಳೆಗೆ ಇದೆ. ಎದೆ ಕೆಡಿಸುವುದು ಬರಿಯ ಎಳೆಯಲ್ಲ. ಅದರೊಂದಿಗೆ ಬರುವ ಎಲೆಚೂರು, ಕಾಯಿಯ ಬುಡದ ಒಣತೊಟ್ಟು, ಅವುಗಳ ಮೇಲಿನ ಬ್ಯಾಕ್ಟೀರಿಯಾದ ವಿಷಾಂಶ. ಜಿನ್ನಿಂಗ್ ಕಾರ್ಖಾನೆಯಲ್ಲಿ ಬೀಜ ಬಿಡಿಸುವವರೂ ಇದೇ ದೂಳನ್ನು ಉಸಿರಾಡುತ್ತಾರೆ; ಅವರ ಕೈಗೆ ಬರುವುದು ಅರಳೆಯಲ್ಲ, ಹತ್ತಿ. ಬಿಸಿನೋಸಿಸ್ ಎಂಬ ಎರವಲನ್ನು ಅಳಿಸುವುದಂತೂ ಅಪಾಯಕಾರಿ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ರೋಗವಾಗಿ ನಮೂದಾಗಿದ್ದುದು ಆ ಹೆಸರೇ. ವೈದ್ಯರ ಚೀಟಿಯಲ್ಲಿ ಬರಿಯ ‘ದಮ್ಮು’ ಎಂದಿದ್ದರೆ ಗಿರಣಿಗೂ ಕಾಯಿಲೆಗೂ ಇರುವ ಸಂಬಂಧವೇ ಕಾಗದದಿಂದ ಮಾಯವಾಗುತ್ತದೆ. ಆದುದರಿಂದ ಮೇಲಿನ ಸಾಲಿನಲ್ಲಿ ದಪ್ಪಕ್ಷರದಲ್ಲಿ ‘ಹತ್ತಿದೂಳಿನ ಶ್ವಾಸಕೋಶ ರೋಗ’, ಕೆಳಗೆ ‘ಬಿಸಿನೋಸಿಸ್’, ಅದರಡಿ ‘ರಜೆಯ ಮರುದಿನ ಎದೆ ಬಿಗಿಯುತ್ತಿತ್ತೇ?’ ಎಂಬ ಪ್ರಶ್ನೆ ಇರಲಿ. ಅಚ್ಚಗನ್ನಡದ ವ್ಯಾಜ್ಯವನ್ನು ಭಾನುವಾರದ ನಂತರ ಮುಂದುವರಿಸಬಹುದು.

– ಮಾಟುಂಗಾದಿಂದ