ಇಬ್ಬರೂ ದುಡಿಯುವ ಮನೆ: ನೀವು ಹೇಗೆ ನಿಭಾಯಿಸಿದಿರಿ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಯಜಮಾನರದು ಬೆಂಗಳೂರಲ್ಲೇ ಐಟಿ ಕೆಲಸ, ಟೀಮ್ ಅಮೆರಿಕದ್ದು. ನಾನು ಮನೆ ಸೇರುವ ಹೊತ್ತಿಗೆ ಅವರ ಕಾಲ್ ಶುರು. ಮಾತಾಡಿದರೂ ಬರೀ ಮಗು, ಬಿಲ್ಲು, ಹಾಲು. ಸಣ್ಣದಕ್ಕೂ ಜಗಳ. ಅನುಭವ ಇದ್ದವರು ಹೇಳಿ.

ಉತ್ತರ 1: ನಮ್ಮಲ್ಲಿ ಐಟಿ ನಾನು, ಬ್ಯಾಂಕು ಮನೆಯವರು. ಮೇಡಂ, ಮೊದಲು ಇಬ್ಬರ ಕೆಲಸದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ. ನ್ಯೂಯಾರ್ಕ್‌ನ ಬೆಳಿಗ್ಗೆ 9ರ ಮೀಟಿಂಗ್ ನಮಗೆ ಬೇಸಿಗೆಯಲ್ಲಿ ಸಂಜೆ 6.30. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕಿಟ್ಟ ಮೇಲೆ 7.30. ಆ ಒಂದು ಗಂಟೆ ಬಂದು ಬೀಳೋದು ಮಗುವಿನ ಊಟ, ನಿದ್ದೆಯ ಮೇಲೆ. ಇನ್ನು ಬ್ಯಾಂಕಿನವರ ಮಾರ್ಚ್ ಕೊನೆ ನಿಮಗೆ ನಾನು ಹೇಳಬೇಕಾ! ಹಾಗಾಗಿ ನಮ್ಮಲ್ಲಿ ಚಳಿಗಾಲದ ಸಂಜೆ ಅವರದು, ಮಾರ್ಚ್ ಪೂರ್ತಿ ಅಡುಗೆ, ಮಗು ನನ್ನದು. ಮುಂಚೆಯೇ ಗೊತ್ತಿರುವುದರಿಂದ ಯಾರಿಗೆ ಜಾಸ್ತಿ ಸುಸ್ತು ಅಂತ ದಿನಾ ರಾತ್ರಿ ವಾದ ಮಾಡುವ ಗೋಜಿಲ್ಲ. ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಅಲ್ವಾ? ಅವತ್ತು ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಇಬ್ಬರೇ ಗಾಂಧಿಬಜಾರಿಗೆ ತಿಂಡಿಗೆ ಹೋಗುತ್ತೇವೆ. ದೋಸೆ ಮುಗಿದು ಕಾಫಿ ಬರುವವರೆಗೆ ಇಎಂಐ, ಸ್ಕೂಲ್ ಫೀಸ್ ಮಾತು ಎತ್ತುವಂತಿಲ್ಲ. ಇದೊಂದನ್ನು ಖಂಡಿತ ಮಾಡಿ ನೋಡಿ.

ಉತ್ತರ 2: ನಾನು ಹುಬ್ಬಳ್ಳಿಯಲ್ಲಿ ನರ್ಸ್, ಮನೆಯವರು ಬಸ್ ಕಂಡಕ್ಟರ್. ಅವರು ನೈಟ್ ಹಾಲ್ಟ್ ಮುಗಿಸಿ ಬರುವಾಗ ಎಷ್ಟೋ ಸಲ ನಾನು ಡ್ಯೂಟಿಗೆ ಹೋಗಿರುತ್ತೇನೆ. ಇಡೀ ದಿನ ಟಿಕೆಟ್, ಚಿಲ್ಲರೆ ಅಂತ ಮಾತಾಡಿ ಬಂದವರಿಗೆ ಸುಮ್ನೆ ಕೂರಬೇಕು ಅನ್ನಿಸುತ್ತದೆ. ನನಗೋ ವಾರ್ಡಿನಲ್ಲಿ ಕಂಡ ಕಷ್ಟ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು. ಅವರ ಸ್ನಾನ, ಚಹಾ ಆಗುವವರೆಗೆ ನಾನು ಏನೂ ಕೇಳುವುದಿಲ್ಲ. ಆಮೇಲೆ ಅವರು ಮೊಬೈಲ್ ಬದಿಗಿಟ್ಟು ನನ್ನ ಮಾತು ಕೇಳುತ್ತಾರೆ. ನಡುವೆ ಬುದ್ಧಿ ಹೇಳುವುದಿಲ್ಲ, ಅದೇ ದೊಡ್ಡ ಉಪಕಾರ.

ಉತ್ತರ 3: ಮೇಲಿನ ಎರಡೂ ಒಳ್ಳೆಯ ಮಾತೇ. ಆದರೆ ಎಲ್ಲವನ್ನೂ ಮನೆಯೊಳಗೇ ಸರಿದೂಗಿಸಲು ಆಗುವುದಿಲ್ಲ. ನಾವಿಬ್ಬರೂ ಸರ್ಕಾರಿ ಶಾಲಾ ಶಿಕ್ಷಕರು, ಬೇರೆ ಬೇರೆ ಜಿಲ್ಲೆಯಲ್ಲಿದ್ದೆವು. ಭಾನುವಾರ ಸೇರಿದರೆ ಬಟ್ಟೆ ಒಗೆಯೋದರಲ್ಲೇ ಹೊತ್ತು ಹೋಗುತ್ತಿತ್ತು. ಪತಿ-ಪತ್ನಿ ಪ್ರಕರಣ ಅಂತ, ಅಂದರೆ ನೌಕರಿಯಲ್ಲಿರುವ ಗಂಡ-ಹೆಂಡತಿ ಒಂದೇ ಕಡೆ ಇರಲಿ ಅಂತ ಕೊಡುವ ವರ್ಗಾವಣೆ ಸಿಕ್ಕ ಮೇಲೆಯೇ ಸಂಸಾರ ಅನ್ನಿಸಿದ್ದು. ನಿಮ್ಮ ಯಜಮಾನರೂ ಟೀಮಿನಲ್ಲಿ ಬಾಯಿಬಿಟ್ಟು ಕೇಳಲಿ, ವಾರಕ್ಕೆ ಎರಡು ಸಂಜೆಯಾದರೂ ಆ ಕಾಲ್‌ಗೆ ಬೇರೆಯವರು ಕೂರಬಹುದಾ ಅಂತ. ಮನೆಯಲ್ಲಿ ಚಿಕ್ಕ ಮಗು ಇದೆ ಅಂತ ಹೇಳಲು ಗಂಡಸರು ಯಾಕೆ ಹಿಂಜರಿಯಬೇಕು? ಕೇಳಿದ ಮೇಲೆ ಏನಾಯಿತು ಅಂತ ತಿಳಿಸಿ.