ಟಿಪ್ಪು ಕಾಲದ ಹೈದರಿ ನಾಣ್ಯ: ತಾತನ ಕೈಗೆ ಬರುವ ಮೊದಲು ಯಾರ ಹತ್ತಿರ ಇತ್ತು?

ಪ್ರಶ್ನೆ (ಮಂಡ್ಯದ ಸದಸ್ಯೆ):
ನಮಸ್ಕಾರ ಸರ್. ನಮ್ಮ ತಾತ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ ಒಂದು ದೊಡ್ಡ ಬೆಳ್ಳಿ ನಾಣ್ಯ ಸಿಕ್ಕಿದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ 22.6 ಗ್ರಾಂ ತೂಗಿತು. ಉರ್ದು ಬಲ್ಲ ನೆರೆಮನೆಯವರು ಇಸವಿ 6121 ಅಂತ ಓದಿ ಅವರೇ ತಬ್ಬಿಬ್ಬಾದರು. ನಾಣ್ಯದ ಕೆಳಗೆ ಅಷ್ಟೇ ಅಗಲದ ದುಂಡು ಕಾಗದ ಇತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ‘ಹೈದರಿ, ಪಟನ್, 350 ಗ್ರೇನ್, ಹೆಂಡರ್ಸನ್’ ಅಂತ ಬರೆದು ಒಂದು ಸಂಖ್ಯೆ ಹಾಕಿದ್ದಾರೆ. ಹಿಂದುಗಡೆ ‘45 ಶಿಲಿಂಗ್’ ಅಂತಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ನಮ್ಮ ಹಿರಿಯರ ಕೈಗೆ ಬಂದದ್ದು ಅಂತ ದೊಡ್ಡಪ್ಪ ಹೇಳುತ್ತಾರೆ. ಇದು ಯಾರ್ಯಾರ ಕೈ ದಾಟಿ ಬಂತು ಅಂತ ಪತ್ತೆ ಮಾಡಬಹುದಾ?

ಉತ್ತರ (ನಾಣ್ಯ ಪರಿಶೀಲಕ, ಮೈಸೂರು):
ಆ ಕಾಗದವನ್ನು ಎಸೆಯದೆ ಇಟ್ಟಿದ್ದೀರಲ್ಲ, ತುಂಬಾ ಸಂತೋಷ ಆಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ಇಸವಿ ನೋಡೋಣ. ಟಿಪ್ಪು ಹಿಜರಿ 1200 ಆದ ಮೇಲೆ ಲೆಕ್ಕವನ್ನೇ ಬದಲಿಸಿದ. ಮುಂದಿನ ವರ್ಷಕ್ಕೆ 1201 ಹಾಕದೆ 1215 ಹಾಕಿಸಿದ. ಅದು ಮೌಲೂದಿ ಲೆಕ್ಕ, ಅಂದರೆ ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಲೆಕ್ಕ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ನೆರೆಯವರು ಓದಿದ್ದು ತಪ್ಪಲ್ಲ, ತಿರುಗಿಸಿ ಓದಿದರೆ 1216. ಅಂದರೆ ಸುಮಾರು 1788. ‘ಪಟನ್’ ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆ. ನಾವು ಇವತ್ತಿಗೂ ಪಟ್ಟಣ ಅಂತಲೇ ಕರೆಯುತ್ತೇವೆ, ಅಲ್ವಾ? ಹೈದರಿ ಅಂದರೆ ಎರಡು ರೂಪಾಯಿ ನಾಣ್ಯ. ಒಂದು ಗ್ರೇನ್ ಅಂದರೆ 0.0648 ಗ್ರಾಂ, ಅಲ್ಲಿಗೆ 350 ಗ್ರೇನ್ 22.68 ಗ್ರಾಂ ಆಗುತ್ತದೆ. ನಿಮ್ಮ ತಕ್ಕಡಿಗೆ ಹತ್ತಿರವೇ ಇದೆ. ಕಾಗದ ಈ ನಾಣ್ಯದ್ದೇ ಅನ್ನುವುದಕ್ಕೆ ಇದೊಂದು ಒಳ್ಳೆಯ ಗುರುತು.

ಇನ್ನು ಕಾಗದದ ವಯಸ್ಸು. ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆ ಹೆಂಡರ್ಸನ್ ಬರೆದ ಪುಸ್ತಕ ಮದ್ರಾಸಿನಲ್ಲಿ 1921ರಲ್ಲಿ ಅಚ್ಚಾಯಿತು. ಅದರ ಸಂಖ್ಯೆಯನ್ನು ಅದಕ್ಕೂ ಮೊದಲು ಯಾರೂ ಬರೆಯಲಾರರು. ಬ್ರಿಟನ್ನಿನಲ್ಲಿ ಶಿಲಿಂಗ್ ಲೆಕ್ಕ 1971ರ ಫೆಬ್ರವರಿಯಲ್ಲಿ ಮುಗಿಯಿತು. ಹಾಗಾಗಿ ಈ ಎರಡು ವರ್ಷಗಳ ನಡುವೆ ನಿಮ್ಮ ನಾಣ್ಯ ಶಿಲಿಂಗಿನಲ್ಲಿ ಬೆಲೆ ಕಟ್ಟುವವರ ಕೈಯಲ್ಲಿತ್ತು. ಹೆಚ್ಚಾಗಿ ಇಂಗ್ಲೆಂಡಿನಲ್ಲಿ. ದೊಡ್ಡಪ್ಪನವರ ಕಥೆಗೂ ಈ ಕಾಗದಕ್ಕೂ ಹೊಂದುವುದಿಲ್ಲ. ಅವರಿಗೆ ನೋವಾಗದ ಹಾಗೆ ಹೇಳಿ. ಆದರೆ ಪಟ್ಟಣದಲ್ಲಿ ಹುಟ್ಟಿ ಸಮುದ್ರ ದಾಟಿ ಹೋದ ನಾಣ್ಯವೊಂದು ಪಕ್ಕದ ಮಂಡ್ಯಕ್ಕೇ ವಾಪಸ್ ಬಂದಿದೆ. ನನಗಂತೂ ಇದು ಆ ಕಥೆಗಿಂತ ದೊಡ್ಡದು ಅನ್ನಿಸುತ್ತದೆ.

ಮುಂದೆ ಎರಡು ದಾರಿ ಇವೆ. ಒಂದು, ಮನೆಯೊಳಗೆ. ಸ್ವಾತಂತ್ರ್ಯ ಬಂದ ಮೇಲಿನ ಆ ವರ್ಷಗಳಲ್ಲಿ ಹೊರದೇಶಕ್ಕೆ ಸುಮ್ನೆ ದುಡ್ಡು ಕಳಿಸಲು ಆಗುತ್ತಿರಲಿಲ್ಲ. ವಿದೇಶಿ ವಿನಿಮಯದ ಕಟ್ಟು ಬಿಗಿಯಾಗಿತ್ತು, ಬ್ಯಾಂಕಿನ ಮೂಲಕವೇ ಅರ್ಜಿ ಹೋಗಬೇಕಿತ್ತು. ತಾತ ತಾವೇ ತರಿಸಿದ್ದರೆ ಬ್ಯಾಂಕಿನ ಚೀಟಿ, ಲಕೋಟೆ, ರಿಜಿಸ್ಟರ್ ರಸೀದಿ ಎಲ್ಲೋ ಇರಬಹುದು. ಹಳೆ ಡೈರಿಗಳ ನಡುವೆಯೂ ನೋಡಿ.

ಇನ್ನೊಂದು, ಹಳೆಯ ಹರಾಜು ಪಟ್ಟಿಗಳು. ಲಂಡನ್ನಿನ ಹರಾಜು ಕಂಪನಿಗಳ ಎಷ್ಟೋ ಪಟ್ಟಿಗಳು ಈಗ ಸ್ಕ್ಯಾನ್ ಆಗಿ ನ್ಯೂಮನ್ ನ್ಯೂಮಿಸ್ಮ್ಯಾಟಿಕ್ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಅಕ್ಷರ ಒಂದೇ ಥರ ಇದೆ, ಇದೇ ನಾಣ್ಯ ಅಂದುಬಿಡುತ್ತಾರೆ. ಒಂದೇ ಅಚ್ಚಿನಲ್ಲಿ ನೂರಾರು ನಾಣ್ಯ ಹೊಡೆಯುತ್ತಿದ್ದರು, ಅಕ್ಷರ ಹೊಂದಲೇಬೇಕು. ನೀವು ನೋಡಬೇಕಾದ್ದು ಅಂಚು. ಸುತ್ತಿಗೆಯಲ್ಲಿ ಹೊಡೆದ ಬಿಲ್ಲೆ ಪೂರ್ತಿ ದುಂಡಗಿರುವುದಿಲ್ಲ. ಎಲ್ಲಿ ಸೀಳಿದೆ, ಅಚ್ಚು ಯಾವ ಕಡೆ ಜಾರಿ ಯಾವ ಅಕ್ಷರ ತುಂಡಾಗಿದೆ, ಸರಾಫರು ಪರೀಕ್ಷೆಗೆ ಹೊಡೆದ ಗುರುತು ಎಲ್ಲಿದೆ, ಇವು ಹೊಂದಬೇಕು. ಬಣ್ಣ ನಂಬಬೇಡಿ. ಹಿಂದೆ ಎಷ್ಟೋ ಪಟ್ಟಿಗಳಿಗೆ ನಾಣ್ಯದ ಪ್ಲಾಸ್ಟರ್ ಅಚ್ಚು ತೆಗೆದು ಅದರ ಫೋಟೋ ಹಾಕುತ್ತಿದ್ದರು.

ನಾಣ್ಯ ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ ಯಾವುದೂ ಬೇಡ.

ಪ್ರಶ್ನೆ (ಮೈಸೂರು, ಅಗ್ರಹಾರ):
ನನ್ನ ಹತ್ತಿರ ಒಂದು ಇದೆ, ಕಾಗದ ಏನೂ ಇಲ್ಲ. ಮಾರುವಾಗ ‘1799ರ ಲೂಟಿಯ ನಾಣ್ಯ’ ಅಂತ ಬರೆದರೆ ಬೆಲೆ ಬರುತ್ತಾ?

ಉತ್ತರ:
ಬರೆಯಬೇಡಿ. 1799ರ ಮೇ 4ರಂದು ಕೋಟೆ ಬಿದ್ದಾಗ ಖಜಾನೆ ಸೈನ್ಯದ ಪಾಲಾದದ್ದು ನಿಜ. ಆದರೆ ಈ ನಾಣ್ಯಗಳು ಅದಕ್ಕೂ ಮೊದಲೇ ಸಂತೆಯಲ್ಲಿ, ಕಂದಾಯದಲ್ಲಿ ಓಡಾಡುತ್ತಿದ್ದವು. ಗೊತ್ತಿರುವ ಕೊನೆಯ ಒಡೆಯರಿಂದ ಹಿಂದಕ್ಕೆ ಬರೆದುಕೊಂಡು ಹೋಗಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ನಾನು ಕೆಲಸ ಕಲಿಯುವಾಗ ಒಂದು ಸಂಗ್ರಹದ ಹಳೆ ಲಕೋಟೆಗಳನ್ನೆಲ್ಲ ಬಿಸಾಕಿ ಹೊಸ ಪ್ಲಾಸ್ಟಿಕ್ಕಿಗೆ ಹಾಕಿದ್ದೆ. ಆ ನಾಣ್ಯಗಳು ಎಲ್ಲಿಂದ ಬಂದವು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ. ಹೊರದೇಶದವರಿಗೆ ಪೋಸ್ಟ್ ಮಾಡಬೇಡಿ.

ಪ್ರಶ್ನೆ (ಶ್ರೀರಂಗಪಟ್ಟಣ ತಾಲ್ಲೂಕು):
ಗದ್ದೆ ಉಳುವಾಗ ಸಿಕ್ಕಿದ್ದರೆ?

ಉತ್ತರ:
ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕುಡಿಕೆ ಸಿಕ್ಕಿದ್ದರೆ ಅದರ ಚೂರುಗಳನ್ನೂ ಬಿಡಬೇಡಿ. ಯಾವ ಗದ್ದೆ, ಎಷ್ಟು ಆಳ ಅಂತ ಅವತ್ತೇ ಬರೆದಿಡಿ.

ಮಂಡ್ಯದ ಸದಸ್ಯೆ:
ಸರ್, ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರ್ ಎತ್ತಿ ನೋಡಿದೆ. ಲಂಡನ್ ಮುದ್ರೆ ಇರುವ ಖಾಲಿ ಲಕೋಟೆ ಸಿಕ್ಕಿತು! ತಾತನ ಹೆಸರು, ಕಾರ್ಖಾನೆಯ ವಿಳಾಸ ಇದೆ. ಸ್ಟಾಂಪ್ ಬೇಕು ಅಂತ ಮಗ ಕೇಳುತ್ತಿದ್ದಾನೆ.

ಉತ್ತರ:
ದಯವಿಟ್ಟು ಸ್ಟಾಂಪ್ ಬಿಡಿಸಬೇಡಿ, ಅಂಚೆ ಮುದ್ರೆಯ ತಾರೀಖು ಅದರ ಮೇಲೆಯೇ ಇರುತ್ತದೆ. ಎರಡೂ ಕಡೆ ಫೋಟೋ ಕಳಿಸಿ. ಹಿಂಬದಿಯಲ್ಲಿ ಕಳಿಸಿದವರ ಹೆಸರು ಇದ್ದರೆ ಇವತ್ತು ರಾತ್ರಿಯೇ ಆ ವರ್ಷದ ಪಟ್ಟಿಗಳನ್ನು ತೆಗೆದು ಕೂರುತ್ತೇನೆ.